ಅತ್ತೆ ಹಿಡಿದ ನೋವಿನ ಜಾಡು

ನಾರಾಯಣಗೂಡದ ನಮ್ಮ ಮನೆಯಲ್ಲಿ ಒಂದೂವರೆ ವರ್ಷ ಅವ್ವನೂ ಅತ್ತೆಯೂ ಒಂದೇ ಬಾಟಲಿಯ ಎಣ್ಣೆಯಿಂದ ಮೊಣಕಾಲು ತಿಕ್ಕಿಕೊಂಡರು. ಅತ್ತೆ ಅಂದರೆ ಅಪ್ಪನ ತಂಗಿ. ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದ ಮೇಲೆ ನಮ್ಮ ಜೊತೆಯೇ ಇದ್ದಳು. ಅವಳ ಮೊಣಕಾಲು ಸವೆದಿತ್ತು: ಮೆಟ್ಟಿಲಿಳಿದರೆ ಕಟಕಟ ಸದ್ದು, ಸಂಜೆಗೆ ಊತ. ಅವ್ವನಿಗೂ ಬಲ ಮೊಣಕಾಲಿನ ಸುತ್ತಲೇ ನೋವು. ಅದೂ ಮೊಣಕಾಲಿನ ಸವೆತ ಎಂದು ಡಾಕ್ಟರು ಹೇಳಿದ್ದರು. ನಾವು ನಂಬಿದ್ದೆವು.

ನಂಬದವಳು ಅತ್ತೆ ಒಬ್ಬಳೇ. ಒಂದು ಬೆಳಿಗ್ಗೆ ಅವ್ವನನ್ನು ತಡೆದಳು.

“ವೈನಿ, ಬಾಗಿಲತನಕ ನಡದು ತೋರಸ್ರಿ. ಸೀರಿ ಅಂಚು ಒಂದ ಕಡೆ ನೆಲಾ ಸವರಾಕತ್ತೈತಿ.”

“ಉಟ್ಟದ್ದ ಸೊಟ್ಟ ಆಗಿರಬೇಕು ಬಿಡು,” ಅಂದಳು ಅವ್ವ.

“ಮೂವತ್ತು ವರ್ಷ ಅಂಚು ನೋಡೀನ್ರಿ. ವಾಲಿರೋದು ಸೀರಿ ಅಲ್ಲ, ನಿಮ್ಮ ಸೊಂಟ.”

ಆಮೇಲೆ ಕೂರಿಸಿಕೊಂಡು ಒಂದೊಂದೇ ಕೇಳಿದಳು. ಮೆಟ್ಟಿಲಿಳಿಯುವಾಗ? ಅಷ್ಟೇನಿಲ್ಲ. ಆಟೋ ಹತ್ತಲು ಕಾಲೆತ್ತಿದರೆ? ಜೀವ ಹೋಗುತ್ತದೆ. ಕಾಲುಗುರು ಕತ್ತರಿಸಲು ಬಾಗಿದರೆ? ಬಾಗಲಿಕ್ಕೇ ಬರುವುದಿಲ್ಲ. ತಿಂಗಳುಗಳಿಂದ ಅದು ಆಗುತ್ತಿಲ್ಲವೆಂದು ಅವ್ವ ನನಗೂ ಹೇಳಿರಲಿಲ್ಲ.

“ಎಲ್ಲಿ ಹಿಡಿತೈತಿ, ಕೈ ಇಟ್ಟು ತೋರಸ್ರಿ.”

ಅವ್ವ ನಾಚುತ್ತಲೇ ತೊಡೆಯ ಸಂದಿಯ ಮೇಲೆ ಕೈ ಇಟ್ಟಳು.

“ನನಗ ಅಲ್ಲಿ ಎಂದೂ ನೋವು ಬಂದಿಲ್ರಿ. ನಿಮ್ಮದು ಬ್ಯಾರೆನ ಐತಿ.”

ಬೇರೆ ಡಾಕ್ಟರ ಬಳಿ ಹೋದೆವು. ನಾನು ಮೊಣಕಾಲಿನ ಎಕ್ಸ್‌ರೇ ಚಾಚಿದೆ. ಅತ್ತೆ ಅದಕ್ಕೆ ಕೈ ಅಡ್ಡ ಹಿಡಿದು, “ಡಾಕ್ಟರ್ ಸಾಬ್, ಪೆಹಲೇ ಚಾಲ್ ದೇಖೋ,” ಅಂದಳು. ಮೊದಲು ನಡಿಗೆ ನೋಡಿ ಅಂತ. ಅವರು ನಡೆಸಿ ನೋಡಿದರು, ಮಲಗಿಸಿ ಮೊಣಕಾಲು ಮಡಿಚಿದರು. ಅವ್ವನಿಗೆ ಏನೂ ನೋಯಲಿಲ್ಲ. ತೊಡೆಯನ್ನು ಸ್ವಲ್ಪ ಒಳಕ್ಕೆ ತಿರುಗಿಸಿದ್ದೇ ತಡ, ಚೀರಿದಳು. ಹೊಸ ಎಕ್ಸ್‌ರೇಯಲ್ಲಿ ಸೊಂಟದ ಕೀಲು ಪೂರಾ ಸವೆದಿತ್ತು. ಅಲ್ಲಿನ ನೋವು ಎಷ್ಟೋ ಜನರಿಗೆ ಮೊಣಕಾಲಲ್ಲಿ ಕಾಣಿಸುತ್ತದೆ ಎಂದು ವಿವರಿಸಿದ ಡಾಕ್ಟರು, ಅತ್ತೆಯ ಕಡೆ ತಿರುಗಿ, ಯಾವ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಿರಿ ಎಂದು ಕೇಳಿದರು.

“ಟೈಲರಿಂಗ್ ಟೀಚರ್,” ಅಂದಳು ಅತ್ತೆ.

ಅವ್ವನ ಕೀಲು ಬದಲಾಯಿಸಿದರು. ಈಗ ಅವಳು ಒಬ್ಬಳೇ ಮೆಟ್ರೋ ಹಿಡಿದು ದಿಲ್‌ಸುಖ್‌ನಗರದ ಗೆಳತಿಯ ಮನೆಗೆ ಹೋಗಿಬರುತ್ತಾಳೆ. ಅತ್ತೆಯ ಮೊಣಕಾಲಿಗೆ ಸದ್ಯ ಆಪರೇಶನ್ ಬೇಡವೆಂದರು. ತೊಡೆಗೆ ಬಲ ಬರಲೆಂದು ದಿನಾ ಕುರ್ಚಿಯಲ್ಲಿ ಕೂತು ಕಾಲು ಚಾಚಿ, ಗಟ್ಟಿಯಾಗಿ ಹತ್ತರವರೆಗೆ ಎಣಿಸುತ್ತಾಳೆ. ನೋವಿದ್ದ ದಿನವೂ ಎಣಿಕೆ ತಪ್ಪಿಸಿದ್ದನ್ನು ನಾನು ನೋಡಿಲ್ಲ.