ಇಲ್ಲದ ನೀರಿನ ಲೆಕ್ಕ

ಹೋದ ವಾರ ಶಹಾಪುರದ ಬಸ್‌ನಿಲ್ದಾಣದಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡೆ. ಅಂಗಡಿಯಾಕೆ ಸುತ್ತಿಕೊಟ್ಟದ್ದು ಯಾರೋ ಬಳಸಿ ಬಿಸಾಕಿದ ಗ್ರಾಫ್ ಹಾಳೆಯಲ್ಲಿ. ಎಣ್ಣೆ ಕುಡಿದ ಹಸಿರು ಚೌಕಗಳ ನಡುವೆ ಪೆನ್ಸಿಲಿನ ಎರಡು ಗೆರೆಗಳು ಒಂದನ್ನೊಂದು ಕತ್ತರಿಸಿದ್ದವು. ನಾನು ಹತ್ತಬೇಕಿದ್ದ ಸುರಪುರದ ಬಸ್ಸು ಹೊರಟುಹೋದದ್ದೂ ತಿಳಿಯಲಿಲ್ಲ. ಹದಿನೆಂಟು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು. ನಮ್ಮ ಗಣಿತದ ಸರ್...

ಆಗ ನಾನು ಇದೇ ಊರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ದಿನಾ ದೋರನಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದೆ. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಒಂದ ಸಲಕ್ಕ ಪಾಸಾದಿ ಅಂದ್ರ ಎಂ.ಎಸ್ಸಿ. ಓದು. ಫೇಲಾದ್ರ ಮನ್ಯಾಗ ಕೂಡು, ಗಂಡು ನೋಡ್ತೀನಿ." ಉಳಿದ ವಿಷಯಗಳ ಭಯವಿರಲಿಲ್ಲ. ಗಣಿತದ ಲೀನಿಯರ್ ಪ್ರೋಗ್ರಾಮಿಂಗ್, ಅಂದರೆ ಇರುವಷ್ಟರಲ್ಲೇ ಹೆಚ್ಚು ಲಾಭ ಹುಡುಕುವ ಲೆಕ್ಕ, ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

ಸರ್ ಗುರುಮಠಕಲ್ ಕಡೆಯವರು. ಸಿಟ್ಟು ಬಂದರೆ ತೆಲುಗಿನಲ್ಲಿ ಗೊಣಗುತ್ತಿದ್ದರು. ಪುಸ್ತಕದ ಲೆಕ್ಕ ಬಿಟ್ಟು ನಮ್ಮ ಹೊಲಗಳನ್ನೇ ಹಲಗೆಗೆ ತರುತ್ತಿದ್ದರು. ಎಂಟು ಎಕರೆ ನೆಲ, ಹತ್ತು ಪಾಲು ನೀರು. ಒಂದು ಎಕರೆ ಹತ್ತಿಗೆ ಎರಡು ಪಾಲು ನೀರು ಬೇಕು, ತೊಗರಿಗೆ ಒಂದು ಸಾಕು. ಲಾಭ ಹತ್ತಿಗೆ ಮೂರು ಪಾಲು, ತೊಗರಿಗೆ ಎರಡು. ಹೆಚ್ಚು ಲಾಭ ಬರಲು ಎಷ್ಟೆಷ್ಟು ಬಿತ್ತಬೇಕು? ನೆಲಕ್ಕೊಂದು ಗೆರೆ, ನೀರಿಗೊಂದು ಗೆರೆ. ಎರಡರ ಒಳಗೆ ಉಳಿದ ಜಾಗದ ಯಾವುದೋ ಒಂದು ಮೂಲೆಯಲ್ಲಿ ಉತ್ತರ ಸಿಗುತ್ತದೆ ಎನ್ನುತ್ತಿದ್ದರು.

ಆ ಮಧ್ಯಾಹ್ನ ನೀರಿನ ಗೆರೆ ಹತ್ತರ ಗುರುತಿಗೆ ಹೋಗಬೇಕಿತ್ತು. ಸರ್ ಎಂಟಕ್ಕೇ ತಂದು ನಿಲ್ಲಿಸಿದರು. ಉತ್ತರ ಇರಬೇಕಾದ ಮೂಲೆಯೇ ಹಲಗೆಯಿಂದ ಮಾಯವಾಯಿತು.

"ಸರ್, ಗೆರಿ ತಪ್ಪಾಗ್ಯದ್ರಿ!" ಎಂದು ನಾನು ಕೂಗಿದೆ. ತರಗತಿ ನಕ್ಕಿತು, ನಾನೂ ನಕ್ಕೆ.

ಸರ್ ಹಲಗೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಬೆರಳಿನಿಂದ ಗೆರೆ ಹುಡುಕಿದರು. ಬೆರಳು ಗೆರೆಯ ಪಕ್ಕದಲ್ಲೇ ಹಾದುಹೋಯಿತು. ನಗು ನಿಂತಿತು.

"ವರ್ಷ ಆತು, ಕಣ್ಣಿನ ನರ ಒಣಗಾಕತ್ತಾವ," ಎಂದರು ನಮ್ಮ ಕಡೆ ತಿರುಗಿ. "ಇಷ್ಟು ದಿನಾ ಅಂದಾಜಿನ ಮ್ಯಾಲೆ ಎಳೀತಿದ್ದೆ. ನಿಮಗ ಹೇಳಬೇಕಿತ್ತು..."

ಮರುದಿನ ಪ್ರಿನ್ಸಿಪಾಲರು ತರಗತಿಗೇ ಬಂದರು. "ಸಾಕ್ರಿ ಸರ್ ಇನ್ನ. ನೀವು ಲೈಬ್ರರ್ಯಾಗ ಕೂಡ್ರಿ. ಬ್ಯಾರೆಯವರು ಬಂದು ಪಾಠ ಮಾಡ್ತಾರ."

"ಅವರು ಯಾವಾಗ ಬರ್ತಾರ್ರಿ?" ಸರ್ ಕೇಳಿದರು.

"ಮ್ಯಾಲಿನವರಿಗೆ ಬರದೀನ್ರಿ, ನೋಡೂಣು," ಎಂದರು ಪ್ರಿನ್ಸಿಪಾಲರು. ಪರೀಕ್ಷೆಗೆ ಒಂದು ತಿಂಗಳಷ್ಟೇ ಉಳಿದಿತ್ತು.

"ಹಂಗಾದ್ರ ಸಿಂಪ್ಲೆಕ್ಸ್ ಪಾಠ ಮುಗಿಸೇ ಹೋಗ್ತೀನ್ರಿ. ಗ್ರಾಫಿಗೆ ಕಣ್ಣು ಬೇಕು. ಇದಕ್ಕ ಬಾಯಿ, ಕಿವಿ ಸಾಕು."

ತಪ್ಪು ಹಿಡಿದು ಕೂಗಿದ ನನ್ನನ್ನೇ ಕರೆದು ಸೀಮೆಸುಣ್ಣ ಕೊಟ್ಟರು. ಲೆಕ್ಕಕ್ಕೆ ಈಗ ಮೆಣಸಿನಕಾಯಿಯೂ ಸೇರಿತು. ಬೆಳೆ ಮೂರಾದ ಮೇಲೆ ಹಾಳೆಯ ಮೇಲೆ ಗೆರೆ ಎಳೆದು ಮುಗಿಸುವಂತಿರಲಿಲ್ಲ. ಸಿಂಪ್ಲೆಕ್ಸ್ ವಿಧಾನದಲ್ಲಿ ಸಂಖ್ಯೆಗಳನ್ನು ಕೋಷ್ಟಕದಲ್ಲಿ ಸಾಲಾಗಿಟ್ಟು, ಒಂದು ಮೂಲೆಯಿಂದ ಅದಕ್ಕಿಂತ ಒಳ್ಳೆಯ ಮೂಲೆಗೆ ಹೆಜ್ಜೆ ಹೆಜ್ಜೆಯಾಗಿ ಸಾಗಬೇಕಿತ್ತು. ಸರ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಹೇಳುತ್ತಿದ್ದರು. ನಾನು ಬರೆದು ಗಟ್ಟಿಯಾಗಿ ಓದುತ್ತಿದ್ದೆ. ಇಡೀ ಕೋಷ್ಟಕ ಅವರ ತಲೆಯಲ್ಲಿ ನಿಂತಿರುತ್ತಿತ್ತು.

ಮೂರನೆಯ ದಿನ ಎಡವಿದೆ. ಹತ್ತಿಯನ್ನು ಲೆಕ್ಕದೊಳಗೆ ತರುವಾಗ, ಇರುವ ನೆಲ, ನೀರನ್ನು ಒಂದು ಎಕರೆ ಹತ್ತಿಗೆ ಬೇಕಾದಷ್ಟರಿಂದ ಭಾಗಿಸಿ ನೋಡಿದರೆ ನೆಲದ ಸಾಲಿಗೆ ಎಂಟು, ನೀರಿನ ಸಾಲಿಗೆ ಐದು ಬಂತು. ಸಣ್ಣದನ್ನು ಹಿಡಿಯಬೇಕಾದಲ್ಲಿ ಎಂಟನ್ನು ಹಿಡಿದೆ. ಮುಂದಿನ ಕೋಷ್ಟಕ ಓದುತ್ತಾ, "ಉಳಿದ ನೀರು... ಮೈನಸ್ ಆರ್ರಿ," ಎಂದೆ.

ಸರ್ ಕಣ್ಣು ತೆರೆದರು. "ಎಂಟೂ ಎಕರೆ ಹತ್ತಿ ಬಿತ್ತಿ ಕುಂತೀದಿ. ಬೇಕಾಗೋದು ಹದಿನಾರು ಪಾಲು ನೀರು, ಇರೋದು ಹತ್ತು. ಇಲ್ಲದ ಆರು ಪಾಲು ಎಲ್ಲಿಂದ ತರ್ತೀ ತಂಗಿ? ಯಾವುದು ಮೊದಲು ಮುಗೀತದ, ಅಲ್ಲೇ ನಿಲ್ಲಬೇಕು. ಅಳಸು. ಮತ್ತ ಬರಿ."

ಅಳಿಸಿದೆ. ಮತ್ತೆ ಬರೆದೆ. ಪುಸ್ತಕ ನೋಡಿ ಬಾಯಿಪಾಠ ಮಾಡಿದ್ದ ನಿಯಮ ಅಂದು ಮೊದಲ ಸಲ ಅರ್ಥವಾಯಿತು.

ಸರ್ ಒಂದು ದಿನವೂ ತಪ್ಪಿಸಲಿಲ್ಲ. ಕಂಬಿ ಹಿಡಿದು, ಕಾಲಿನಿಂದ ಮೆಟ್ಟಿಲು ತಡವಿ ಬಸ್ಸು ಇಳಿಯುತ್ತಿದ್ದರು. ಕೈ ಹಿಡಿಯಲು ಹೋದರೆ "ಬ್ಯಾಡ, ಬ್ಯಾಡ" ಎನ್ನುತ್ತಿದ್ದರು. ಪಾಠ ಮುಗಿದ ದಿನ ನನ್ನಿಂದ ಹಾಜರಿ ಕೂಗಿಸಿದರು. ಎಸ್ ಸರ್ ಎಂದ ಒಂದೊಂದು ದನಿಯ ಕಡೆಗೂ ಮುಖ ತಿರುಗಿಸಿದರು. ಆಮೇಲೆ ಎದ್ದು, ಗೋಡೆ ಸವರುತ್ತಾ ನಡೆದುಬಿಟ್ಟರು...

ನಾನು ಪಾಸಾದೆ. ಅಪ್ಪ ಮಾತಿಗೆ ತಪ್ಪಲಿಲ್ಲ, ಎಂ.ಎಸ್ಸಿ.ಗೆ ಕಲಬುರಗಿಗೆ ಕಳಿಸಿದರು. ಈಗ ಸುರಪುರದ ಕಾಲೇಜಿನಲ್ಲಿ ಅದೇ ಪಾಠ ಮಾಡುತ್ತೇನೆ, ಅಲ್ಲೇ ರಂಗಂಪೇಟೆಯಲ್ಲಿ ಮನೆ.

ಹೋದ ವರ್ಷ ಸರ್ ತೀರಿಕೊಂಡ ಸುದ್ದಿ ಎಂಟು ದಿನ ತಡವಾಗಿ ತಿಳಿಯಿತು. ಗುರುಮಠಕಲ್ಲಿಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲಿ ನಿಂತು ನಾನು ಸರ್ ಅವರ ಶಹಾಪುರದ ವಿದ್ಯಾರ್ಥಿನಿ ಎಂದು ಹೇಳಿಕೊಂಡದ್ದನ್ನು ಕೇಳಿಸಿಕೊಂಡರು.

"ಹಲಗಿ ಮ್ಯಾಲೆ ಬರೀತಿದ್ದಾಕಿ ನೀನೇ ಏನವ್ವಾ? ಆಕಿ ಈಗ ಎಲ್ಲಿದ್ದಾಳೋ, ಏನು ಮಾಡಾಕತ್ತಾಳೋ ಅಂತಿದ್ರು."

ಸರ್ ಅವರ ಫೋನ್ ನಂಬರು ನನ್ನ ಬಳಿ ಇತ್ತು. ಫೋನ್ ಮಾಡೋಣ, ಮೊದಲು ಕೆಲಸ ಸಿಗಲಿ ಎಂದುಕೊಂಡೆ, ಕಾಯಂ ಆಗಲಿ ಎಂದುಕೊಂಡೆ, ರಜೆ ಬರಲಿ ಎಂದುಕೊಂಡೆ. ನಿಮ್ಮ ಪಾಠವನ್ನೇ ಮಾಡುತ್ತಿದ್ದೇನೆ ಸರ್ ಎಂದು ಒಂದು ಮಾತು ಹೇಳುವುದು ಉಳಿದೇಹೋಯಿತು...