ಪಾಪಮ್ಮನ ಇನ್ನೊಂದು ಹೆಸರು

“ಫಿಟ್ಸ್ ಹರ್ ಮಿಡಲ್ ನೇಮ್?” ಎಂದು ಮೇಲಿನ ಮನೆಯ ಮೊಯ್ರಾ ಕೇಳಿದಾಗ, ಮಗು ಫಿಟ್ಟಾಗಿದೆ, ತೂಕವೂ ಸರಿಯಾಗಿದೆ ಎಂದು ಉತ್ತರ ಕೊಟ್ಟೆ. ಮುದುಕಿ ಮೆಟ್ಟಿಲ ಕಟಾಂಜನ ಹಿಡಿದುಕೊಂಡು ನಕ್ಕಳು. ಸ್ಕಾಟ್ಲೆಂಡಿನ ಈ ಅಬರ್ಡೀನ್ ಊರಿನ ಹಳಬರ ಬಾಯಲ್ಲಿ ‘ವಾಟ್’ ಎಂಬುದು ‘ಫಿಟ್’ ಆಗುತ್ತದೆ. ‘ಫಿಟ್ ಲೈಕ್?’ ಎಂದರೆ ಹೇಗಿದ್ದೀರಿ ಎಂದರ್ಥ. ಅನಂತಪುರದ ಕಾಲೇಜಿನಲ್ಲಿ ಇಂಗ್ಲಿಷ್ ಚರ್ಚಾಸ್ಪರ್ಧೆಯ ಕಪ್ಪು ಎತ್ತಿದವಳು ನಾನು. ಇಲ್ಲಿ ಹಾಲು ತರಲು ಹೋದರೆ ಮೂಗಿಯಾಗಿ ವಾಪಸು ಬರುತ್ತಿದ್ದೆ.

ದೂರುವ ಹಕ್ಕು ನನಗಿಲ್ಲ ಬಿಡಿ. ನಾನು ಮಡಕಶಿರಾ ಕಡೆಯ ಅಗಳಿಯವಳು, ಗಂಡ ವೀರೇಶ ರಾಯದುರ್ಗದವನು. ನನ್ನ ‘ಯಾಕೆ’ ಅವನಿಗೆ ‘ಯಾಕ’, ನನ್ನ ಕಡ್ಲೆಕಾಯಿ ಅವನ ಶೇಂಗಾ. ಒಂದೇ ಸೀಮೆಯ ಇಬ್ಬರು ಒಂದು ಚಟ್ನಿಯ ಹೆಸರಿಗೆ ವಾರಗಟ್ಟಲೆ ವಾದ ಮಾಡಿದ ಮೇಲೆ, ಪಾಪ, ಮೊಯ್ರಾಳ ‘ಫಿಟ್’ಗೆ ಏನನ್ನುವುದು?

ಇದು ಕಲ್ಲಿನ ಊರು. ಮನೆ, ಶಾಲೆ, ಬ್ಯಾಂಕು ಎಲ್ಲವೂ ಬೂದುಬಣ್ಣದ ಗ್ರಾನೈಟು. ವೀರೇಶ ಇಲ್ಲಿನ ವೃದ್ಧರ ಆರೈಕೆ ಮನೆಯಲ್ಲಿ ನರ್ಸ್ ಕೆಲಸಕ್ಕೆಂದು ಬಂದಾಗ ಮೊದಲು ಆಡಿದ ಮಾತು, “ನಮ್ಮ ಕೋಟಿಗುಡ್ಡ ಇಲ್ಲಿಗ್ಯಾರು ತಂದ್ರಲೇ?” ಎಂಬುದಂತೆ. ಆದರೆ ರಾಯದುರ್ಗದ ಆ ಕೋಟೆಬೆಟ್ಟದ ಬಂಡೆ ಹೊತ್ತು ಮುಳುಗಿದ ಮೇಲೂ ಬೆನ್ನಿಗೆ ಬೆಚ್ಚಗಿರುತ್ತದೆ. ಇಲ್ಲಿನ ಗೋಡೆ ಬೇಸಿಗೆಯ ನಡುಹಗಲಲ್ಲೂ ತಣ್ಣಗೆ. ಸಮುದ್ರದಿಂದ ‘ಹಾರ್’ ಎಂಬ ಮಂಜು ಎದ್ದು ಬಂದರೆ ಎದುರು ಮನೆಯೇ ಇಲ್ಲವಾಗುತ್ತದೆ. ಅಂಥ ಹೊತ್ತಿನಲ್ಲಿ ‘ರೋವಿ’ ಎಂಬ ಚಪ್ಪಟೆ ಉಪ್ಪುಬನ್ನಿಗೆ ಅಮ್ಮ ಕಳಿಸಿದ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತೇನೆ. ಪುಡಿ ಮುಗಿಯುತ್ತ ಬಂದ ಹಾಗೆ ಚಮಚ ಸಣ್ಣದಾಗುತ್ತದೆ.

ಮಗುವಿನ ಮೊದಲ ಹೆಸರಿಗೆ ತಕರಾರಿರಲಿಲ್ಲ. ತಾರಾ. ಇಲ್ಲಿಯವರ ನಾಲಿಗೆಗೂ ನೋವಿಲ್ಲ, ನಮ್ಮವರ ನಾಲಿಗೆಗೂ ಇಲ್ಲ. ಕೊನೆಗೆ ವೀರೇಶನ ಮನೆತನದ ಹೆಸರು, ತೆಲುಗಿನವರು ‘ಇಂಟಿಪೇರು’ ಎನ್ನುವುದು. ನಮ್ಮಲ್ಲಿ ಅದು ಹೆಸರಿನ ಮುಂದೆ ಒಂದಕ್ಷರವಾಗಿ ನಿಲ್ಲುತ್ತದೆ, ಇಲ್ಲಿ ಹಿಂದೆ ಹೋಗುತ್ತದೆ. ಸರಿ, ಒಪ್ಪಿದೆ. ಆದರೆ ನಡುವೆ ಇನ್ನೊಂದು ಯಾಕೆ?

“ನಿನ್ನ ನಡುವಿನ ಹೆಸರಿನಿಂದ ನಿನ್ನನ್ನು ಯಾರು ಕರೀತಾರೆ?” ಎಂದು ಮೊಯ್ರಾಳನ್ನು ಕೇಳಿದೆ.

“ಯಾರೂ ಇಲ್ಲ. ಅದು ನನ್ನಜ್ಜಿಯ ಹೆಸರು.”

“ಯಾರೂ ಕರೆಯದ ಹೆಸರು ಇದ್ದರೇನು, ಬಿಟ್ಟರೇನು?”

“ಒಂದೇ ಉಪಯೋಗ. ಕಿಟಕಿ ಗಾಜು ಒಡೆದಾಗ ನಮ್ಮಮ್ಮ ಮೂರು ಹೆಸರನ್ನೂ ಸೇರಿಸಿ ಕೂಗುತ್ತಿದ್ದಳು. ನಡುವಿನದು ಕೇಳಿಸಿತೆಂದರೆ ನಾನು ಓಟ.”

ನಾನೂ ನಕ್ಕೆ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಹೊಳೆಯಿತು. ಯಾರೂ ಕರೆಯದ ಹೆಸರು ನಮ್ಮಲ್ಲೂ ಇದೆಯಲ್ಲ! ಮಗುವಿಗೆ ಹಿರಿಯರ ಹೆಸರಿಟ್ಟರೆ ಮನೆಯ ಸೊಸೆಯಂದಿರು ಅದನ್ನು ಬಾಯಲ್ಲಿ ಆಡುವಂತಿಲ್ಲ, ಆ ಹೆಸರು ಹಿಡಿದು ಬೈಯುವಂತಿಲ್ಲ. ಹಾಗಾಗಿ ಕರೆಯಲು ಬೇರೊಂದು ಹೆಸರು.

ಅಪ್ಪನ ತಾಯಿ, ನನ್ನನ್ನು ಎತ್ತಿ ಆಡಿಸಿದ ಪಾಪಮ್ಮಜ್ಜಿ, ನಾನು ಬಸುರಿಯಾಗಿದ್ದಾಗ ತೀರಿಕೊಂಡಳು. ವಿಮಾನ ಹತ್ತುವಂತಿಲ್ಲದ ತಿಂಗಳು. ಫೋನಿನಲ್ಲಿ ಅಳುವವರ ಸದ್ದು ಮಾತ್ರ ಕೇಳಿಸಿಕೊಂಡೆ. ಪುನರ್ಜನ್ಮದ ವಿಷಯಕ್ಕೆ ಅವಳಿಗೂ ನನಗೂ ಆಗಾಗ ವಾದ. ಸಾಕ್ಷಿ ಕೊಡು ಎನ್ನುತ್ತಿದ್ದೆ. ಅವಳು ಕಡ್ಲೆಕಾಯಿ ಸುಲಿಯುತ್ತಲೇ ಹೇಳುತ್ತಿದ್ದಳು: “ನಿನ್ ಹೊಟ್ಟೇಲೇ ಹುಟ್ಟಿ ಬತ್ತೀನಿ ಕಣೇ. ಆವಾಗ ಅದೆಂಗೆ ಎದುರುತ್ರ ಕೊಡ್ತೀಯೋ ನೋಡಾನ.”

ಪುನರ್ಜನ್ಮವನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಅವಳದೆಂದು ನನ್ನ ಬಳಿ ಇಲ್ಲಿ ಏನೂ ಇರಲಿಲ್ಲ. ಒಂದು ಹಳೆಯ ಸೀರೆಯೂ ಇಲ್ಲ. ಹೆಸರಾದರೂ ಇರಲಿ ಎನಿಸಿತು. ತಾರಾ ಪಾಪಮ್ಮ. ಮರುದಿನ ಬೆಳಿಗ್ಗೆ ಹೆಸರು ನೋಂದಣಿ. ಹೊರಡುವ ಮುಂಚೆ ಅಮ್ಮನಿಗೆ ವಿಡಿಯೋ ಕರೆ ಮಾಡಿದೆ.

“ಪಾಪಮ್ಮ ಅವರ ಹೆಸ್ರಲ್ಲ ಕಣೇ,” ಎಂದಳು ಅಮ್ಮ.

“ಮತ್ತೆ? ರೇಷನ್ ಕಾರ್ಡಲ್ಲೂ ಪಾಪಮ್ಮ ಅಂತಲೇ ಇತ್ತಲ್ಲ?”

“ಅವರಿಗೆ ಅವರಜ್ಜಿ ಹೆಸ್ರು ಇಟ್ಟಿದ್ರು. ಅವರಮ್ಮ ಅತ್ತೆ ಹೆಸ್ರು ಹೆಂಗ್ ಕರೀತಾಳೆ? ಪಾಪ, ಪಾಪ ಅಂತಿದ್ರು, ಪಾಪಮ್ಮ ಆಯ್ತು. ಕಾರ್ಡ್ ಬರಿಯೋನಿಗೂ ಅದನ್ನೇ ಹೇಳಿದ್ರು.”

“ನಿಜವಾದ ಹೆಸರೇನು, ಹೇಳು.”

“ನಾನೆಂಗೆ ಹೇಳ್ಲಿ? ನಮ್ಮತ್ತೆ ಅಲ್ವಾ!”

“ಅಮ್ಮಾ, ಅಜ್ಜಿ ಹೋಗಿ ತಿಂಗಳುಗಳಾದವು. ಯಾರಿಗೆ ಬೇಜಾರಾಗುತ್ತೆ? ಒಂದು ಕಾರಣ ಕೊಡು.”

“ಕಾರಣ ಗೀರಣ ನಿನ್ ಕಾಲೇಜಲ್ಲಿ ಇಟ್ಕೋ. ಬಾಯಿಗ್ ಬರಲ್ಲ ಅಂದ್ರೆ ಬರಲ್ಲ.”

“ಅಪ್ಪನ ಕೈಗಾದರೂ ಫೋನ್ ಕೊಡು.”

“ಹೊಲ್ದಾಗವ್ರೆ. ಬರೋದು ಸಂಜೆಗೆ.”

ಸಂಜೆಗೆ, ಎಂದರೆ ನೋಂದಣಿ ಮುಗಿದ ಮೇಲೆ. ನನ್ನ ಮುಖ ಹೇಗಾಯಿತೋ, ಅಮ್ಮ ದನಿ ತಗ್ಗಿಸಿದಳು. “ನಮ್ ಕಡೆ ಹೇಮಾವತಿ ಊರಲ್ಲಿ ದೊಡ್ಡ ದೇವಸ್ಥಾನ ಯಾವ ದೇವರ್ದು?”

“ಸಿದ್ದೇಶ್ವರ.”

“ಊಂ. ಆ ಈಶ್ವರನ್ನ ತೆಗಿ. ಅಲ್ಲಿಗೆ ಅಮ್ಮನ್ನ ಹಾಕು.”

“ಸಿದ್ದಮ್ಮ!”

“ನಾನೇನೂ ಹೇಳ್ಲಿಲ್ಲಪ್ಪ,” ಎಂದು ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, “ತಿಥಿ ದಿನ ಐನೋರು ಆ ಹೆಸ್ರು ಹೇಳಿ ನಿಮ್ಮಪ್ಪನ ಕೈಲಿ ನೀರು ಬಿಡ್ಸಿದ್ರು. ಎಲ್ರೂ ಕೇಳಿಸ್ಕೊಂಡ್ರು. ನೀನೊಬ್ಳು ಇರ್ಲಿಲ್ಲ,” ಎಂದಳು.

ಪಕ್ಕದಲ್ಲಿದ್ದ ವೀರೇಶನೇ ಸಂಭಾಳಿಸಿದ. “ಅತ್ತಿ, ಇಲ್ಲಿ ಮಕ್ಕಳನ್ನ ಬೈಯೋ ಮುಂದ ನಡುವಿನ ಹೆಸರೂ ಸೇರಿಸಿ ಒದರ್ತಾರಂತ್ರಿ. ಏನ್ ಮಾಡೂಣ್ರಿ?”

“ಅಯ್ಯಯ್ಯೋ, ನಮ್ಮತ್ತೆ ಹೆಸ್ರಿಡಿದು ಬೈಯೋದಾ? ನಿಮ್ಮ ಹೆಂಡ್ತೀಗೆ ಬಾಯಿ ಬಿಗಿ ಹಿಡಿಯಕ್ಕೆ ಹೇಳಿ ಮತ್ತೆ.”

“ಅದು ನನ್ ಕೈಲಿ ಆಗೂದಲ್ರಿ.”

ನೋಂದಣಿ ಕಚೇರಿಯಲ್ಲಿ ಕೆಂಪುಗೂದಲಿನ ಹೆಂಗಸು ಒಂದೊಂದೇ ಅಕ್ಷರ ಕೇಳಿ ಟೈಪು ಮಾಡಿದಳು. ಆಮೇಲೆ ಸರಿಯಾಗಿದೆಯೇ ನೋಡಿ ಎಂದು ಗಟ್ಟಿಯಾಗಿ ಓದಿದಳು: “ತಾರಾ... ಸಿಡಾಮಾ.”

ಮಹಾಪ್ರಾಣ ಅಲ್ಪಪ್ರಾಣ ಬಿಡಿ, ಅಜ್ಜಿಯ ‘ದ್ದ’ ಕೂಡ ಅವಳ ನಾಲಿಗೆಯಲ್ಲಿ ಉಳಿಯಲಿಲ್ಲ. ಆದರೂ ಎರಡು ಮನೆಗಳಲ್ಲಿ, ತವರಲ್ಲೂ ಗಂಡನ ಮನೆಯಲ್ಲೂ, ಅಜ್ಜಿ ಬದುಕಿದ್ದಷ್ಟು ಕಾಲ ಯಾವ ಹೆಂಗಸೂ ಕರೆಯದ ಹೆಸರನ್ನು ಈ ಹೆಂಗಸು ಎಷ್ಟು ಸಲೀಸಾಗಿ ಕರೆದಳು! ಅವಳಿಗೆ ಅತ್ತೆಯಲ್ಲ, ಅಜ್ಜಿಯಲ್ಲ, ಯಾರೂ ಅಲ್ಲ. ಅದಕ್ಕೇ ಕರೆಯಬಲ್ಲಳು. “ಹೀಗೇ ಅಲ್ಲವೇ ಉಚ್ಚಾರಣೆ?” ಎಂದು ಕೇಳಿದಳು. ತಿದ್ದುವುದು ನನ್ನ ಹುಟ್ಟುಗುಣ. ಅವತ್ತು ಸುಮ್ಮನೆ ತಲೆಯಾಡಿಸಿದೆ.

ಸಂಜೆ ಅಮ್ಮ ಕರೆ ಮಾಡಿ, “ಇಟ್ರಾ?” ಎಂದಷ್ಟೇ ಕೇಳಿದಳು. ಇಟ್ಟೆವು ಎಂದೆ. ಅಪ್ಪ ಅವಳ ಭುಜದ ಹಿಂದಿನಿಂದ ಇಣುಕಿದ. ಮಗುವನ್ನು ಪರದೆಯ ಹತ್ತಿರ ಹಿಡಿದೆ. ಕಿಟಕಿಯಾಚೆ ಮಂಜು ಏರುತ್ತಿತ್ತು. ಅಲ್ಲಿ ಅಗಳಿಯಲ್ಲಿ, ದೀಪ ಹಚ್ಚಿದ ನಡುಮನೆಯಲ್ಲಿ, ಅಮ್ಮ ಫೋನಿಗೆ ಮುಖ ತಂದು ಕೂಗಿದಳು:

“ಏಯ್ ಪಾಪಮ್ಮಾ... ಇಲ್ ನೋಡೇ... ಯಾವಾಗ್ ಬತ್ತೀಯೇ ಮನೆಗೆ?”

ಪಾಪಮ್ಮ ಎಂದು ಕರೆಯಬಹುದು. ಅದು ಕರೆಯುವುದಕ್ಕೆಂದೇ ಇರುವ ಹೆಸರು. ಮಗು ದನಿ ಬಂದ ಕಡೆಗೆ ಕಣ್ಣು ಹೊರಳಿಸಿತು. ಯಾವ ಮನೆಗೆ ಎಂದು ನಾನು ವಾದಕ್ಕೆ ನಿಲ್ಲಲಿಲ್ಲ.