ರವಿವಾರ ಘಾಟ ಹತ್ತಬ್ಯಾಡ್ರಿ

ಜೋತಿಬಾನ ಬಲಭುಜ ನೋಯುವುದಕ್ಕೆ ಮೋನಾಲಿ ಮಾಡುವ ಬದನೀಕಾಯಿ ಪಲ್ಯವೇ ಕಾರಣ ಅಂತ ಅತ್ತೆ ನಾಗೂಬಾಯಿ ಓಣಿತುಂಬ ಹೇಳಿಕೊಂಡು ಬಂದಿದ್ದಳು. ಬದನೀಕಾಯಿ ವಾಯು, ಕಡ್ಲಿಬ್ಯಾಳಿ ವಾಯು, ಸೊಸೆ ಮುಟ್ಟಿದ್ದೆಲ್ಲ ವಾಯು.

"ಮಾಲವಣದಾಗ ಇರೋತನಾ ನನ್ನ ಮಗ ಗಟ್ಟಿ ಇರ್ತಾನ. ಮನೀ ಅನ್ನ ಹೊಟ್ಟಿಗೆ ಬಿತ್ತಂದ್ರ ಭುಜ ಹಿಡ್ಕೊಂಡು ಕುಂಡ್ರತಾನ. ಯಾರ ಕೈಗುಣ ಅಂತ ನಾ ಬಾಯಿ ಬಿಟ್ಟು ಹೇಳಬೇಕೇನು?"

ಹೇಳಬೇಕಾಗಿರಲಿಲ್ಲ. ಗಡಹಿಂಗ್ಲಜದ ಆ ಎರಡು ಕೋಣೆಯ ಮನೆಯಲ್ಲಿ ಒಲೆಯ ಮುಂದೆ ನಿಲ್ಲುವವಳು ಒಬ್ಬಳೇ ಇದ್ದಳು.

ಜೋತಿಬಾ ಮೊದಲಿನಿಂದ ಸಮುದ್ರದವನಲ್ಲ. ಅಪ್ಪನ ಗ್ಯಾರೇಜಿನಲ್ಲಿ ಕಂಪ್ರೆಸರ್ ರಿಪೇರಿ ಮಾಡುತ್ತಿದ್ದವ. ಆರು ವರ್ಷದ ಹಿಂದೆ ಮಾಲವಣದ ಒಂದು ಸ್ಕೂಬಾ ಕೇಂದ್ರದವರು ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ಕೆಟ್ಟಿತೆಂದು ಕರೆಸಿದ್ದರು. ಎರಡು ದಿನದ ಕೆಲಸಕ್ಕೆ ಹೋದವ, ಬಾವಿಯಲ್ಲಿ ಈಜಿ ಬೆಳೆದ ಮೈ ನೋಡ್ರಿ, ನೀರಿನ ಹುಚ್ಚು ಹಿಡಿಸಿಕೊಂಡು ತರಬೇತಿ ಪಡೆದು ಅಲ್ಲೇ ನಿಂತ. ಪ್ರವಾಸಿಗರನ್ನು ಕೈ ಹಿಡಿದು ನೀರೊಳಗೆ ಇಳಿಸುವುದು, ಮೀನು ತೋರಿಸಿ ಫೋಟೊ ತೆಗೆಯುವುದು, ಮೇಲೆ ತರುವುದು: ದಿನಕ್ಕೆ ಏಳು ಸಲ, ಎಂಟು ಸಲ. ಸೋಮವಾರ, ಮಂಗಳವಾರ ರಜೆ. ರವಿವಾರ ಸಂಜೆ ನಾಲ್ಕಕ್ಕೆ ಕೊನೆಯ ತಂಡವನ್ನು ದಡಕ್ಕೆ ಬಿಟ್ಟು ಮೋಟರ್‌ಸೈಕಲ್ ಹತ್ತಿದನೆಂದರೆ ಸಾವಂತವಾಡಿ, ಆಂಬೋಲಿ ಘಾಟ, ಆಜರಾ ದಾಟಿ ಎಂಟರೊಳಗೆ ಮನೆ.

ಮಂದಿಗೆ ಅವನನ್ನು ಕಂಡರೆ ಕೇಳುವುದಕ್ಕೆ ಎರಡೇ ಮಾತು. ಶಾರ್ಕ್ ಮೀನು ಬಂದರ ಏನ ಮಾಡ್ತಿ? ಸಿಲಿಂಡರ್ ಖಾಲಿ ಆದರ? ಇಚಲಕರಂಜಿಯಿಂದ ಮೋನಾಲಿಯ ತವರಿನವರು ಬಂದಾಗಲೂ ಇದೇ.

"ಡೇಂಜರ್ ಏನೂ ಇಲ್ರಿ," ಅನ್ನುತ್ತಿದ್ದ ಅವನು. "ಹದಿನೈದು ಮಿನಿಟಿನ ಆಟ. ನಾ ಕೈ ಬಿಡೂದಿಲ್ಲ."

ಅದು ಸುಳ್ಳಲ್ಲ. ಮದುವೆಯ ಹೊಸತರಲ್ಲಿ ಮೋನಾಲಿಯನ್ನೂ ಇಳಿಸಿದ್ದ. ಕಿವಿ ನೊಂದಿತು, ಒಂದು ಹಳದಿ ಮೀನು ಕಂಡಿತು, ಮೇಲೆ ಬಂದಳು. ಇಳಿಯುವವರಿಗೆ ಅಷ್ಟೇ. ದಿನವಿಡೀ ಇಳಿಸುವವನ ಲೆಕ್ಕ ಬೇರೆ ಅನ್ನುವುದು ಆಗ ಅವಳಿಗೂ ಹೊಳೆದಿರಲಿಲ್ಲ.

ಕೊಲ್ಹಾಪುರಕ್ಕೆ ಮೂರು ಸಲ ಹೋದರು. ಎಲುಬಿನ ಡಾಕ್ಟರು ಎಕ್ಸರೇ ತೆಗೆಸಿದರು, ಸ್ಕ್ಯಾನ್ ಮಾಡಿಸಿದರು, ಭುಜ ಬಿಗಿದುಕೊಂಡಿದೆ, ಸಿಲಿಂಡರ್ ಎತ್ತಿ ಎತ್ತಿ ಹೀಗಾಗಿದೆ ಅಂದರು. ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಕೊಟ್ಟರು.

"ಡಾಕ್ಟರ್, ಮಾಲವಣಕ್ಕ ಇಳದ ಕೂಡ್ಲೆ ಕಡಿಮಿ ಆಗ್ತೈತ್ರಿ," ಅಂದಳು ಮೋನಾಲಿ.

"ಸಮುದ್ರದ ಹವಾ ಚಲೋ ಇರತೈತಲ್ಲಾ, ತಾಯಿ," ಅಂದು ಡಾಕ್ಟರು ನಕ್ಕು ಮುಂದಿನ ಪೇಷಂಟನ್ನು ಕರೆದರು.

ಅವತ್ತಿನಿಂದ ಮೋನಾಲಿ ಗೋಡೆಯ ಕ್ಯಾಲೆಂಡರಿನಲ್ಲಿ, ಮಗಳ ಲಸಿಕೆಯ ತಾರೀಖಿನ ಪಕ್ಕದಲ್ಲೇ, ಗಂಡನ ನೋವನ್ನೂ ಬರೆಯತೊಡಗಿದಳು. ಮಳೆಗಾಲದ ನಾಲ್ಕು ತಿಂಗಳು ಸ್ಕೂಬಾ ಬಂದ್, ಅವನು ಮನೆಯಲ್ಲೇ, ನೋವಿಲ್ಲ. ದಸರಾ ಆದಮೇಲೆ ಆರು ರವಿವಾರ. ಐದು ರವಿವಾರ ನೋವು. ಒಂದು ವಾರ ಮಾತ್ರ ಗಾಡಿಯ ಚೈನು ತುಂಡಾಗಿ ಅಲ್ಲೇ ಮಲಗಿ ಸೋಮವಾರ ಮಧ್ಯಾಹ್ನ ಬಂದಿದ್ದ, ನೋವಿಲ್ಲ.

"ನೋಡ್ರಿ ಅತ್ತಿ, ಆ ಸೋಮಾರನೂ ಬದನೀಕಾಯಿನ ಮಾಡಿದ್ದೆ."

"ಅವತ್ತ ನಾ ದೃಷ್ಟಿ ತಗದಿದ್ದೆ," ಅಂದಳು ನಾಗೂಬಾಯಿ. ಇಂಥವರ ಮುಂದೆ ಕ್ಯಾಲೆಂಡರ್ ಹಿಡಿದು ಏನು ಪ್ರಯೋಜನ.

ಮುಂದಿನ ರವಿವಾರ ಜೋತಿಬಾ ಮಗಳಿಗೆ ಮಾಲವಣದ ಖಾಜಾ ತಂದಿದ್ದ, ಬೆಲ್ಲ ಹಚ್ಚಿದ ಕಡ್ಲಿಹಿಟ್ಟಿನ ಕಡ್ಡಿ. ಎರಡೂವರೆ ವರ್ಷದ ರುತುಜಾ ಪ್ಲಾಸ್ಟಿಕ್ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಹಲಗಿ ಹಾಗೆ ಬಾರಿಸುತ್ತಿದ್ದಳು. ಪೊಟ್ಟಣ ಒಡೆಯುವಂತೆ ಬಿಗಿದಿತ್ತು.

"ಇದು ಅಂಗಡ್ಯಾಗೂ ಹಿಂಗ ಉಬ್ಬಿತ್ತೇನ್ರೀ?"

"ಇಲ್ಲ, ಘಾಟ ಹತ್ತಿದ ಮ್ಯಾಲ ಉಬ್ಬತೈತಿ. ಮ್ಯಾಲ ಹವಾದ ಒತ್ತಡ ಕಡಿಮಿ. ಒಳಗಿನ ಹವಾ ಹಿಗ್ಗತೈತಿ."

"ಹಂಗಾರ ನಿಮ್ಮ ಮೈಯಾಗಿನ ಹವಾ?"

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಆಮೇಲೆ, "ನಾ ಏನ್ ಪ್ಲಾಸ್ಟಿಕ್ ಚೀಲ ಏನಲೇ," ಅಂದು ಮತ್ತೆ ಉಣ್ಣತೊಡಗಿದ.

ಮರುದಿನ ಅವಳು ಟ್ರಂಕಿನ ತಳದಿಂದ ಅವನ ತರಬೇತಿಯ ಇಂಗ್ಲಿಷ್ ಪುಸ್ತಕ ತೆಗೆದು, ಒಂದೊಂದೇ ಪುಟವನ್ನು ಮೊಬೈಲಿನಲ್ಲಿ ಹಿಡಿದು ಮರಾಠಿಗೆ ತಿರುಗಿಸಿಕೊಂಡು ಓದಿದಳು. ಅಲ್ಲಿ ಎಲ್ಲವೂ ಇತ್ತು. ಆಳದಲ್ಲಿ ಉಸಿರಾಡಿದಾಗ ಗಾಳಿಯೊಳಗಿನ ನೈಟ್ರೋಜನ್ ರಕ್ತ, ಮಾಂಸದಲ್ಲಿ ಕರಗಿ ಕೂಡುತ್ತದೆ. ನಿಧಾನಕ್ಕೆ ಹೊರಗೆ ಹೋಗಬೇಕು. ಹೋಗುವ ಮೊದಲೇ ಎತ್ತರಕ್ಕೆ ಏರಿದರೆ ಗುಳ್ಳೆಯಾಗಿ ಕೀಲಿನಲ್ಲಿ ಕೂಡುತ್ತದೆ. ಬೆನ್ನುಹುರಿಯಲ್ಲಿ ಕೂತರೆ ಕಾಲೇ ಹೋಗಬಹುದು. ಹಲವು ಸಲ ಮುಳುಗಿದವರು ಹದಿನೆಂಟು ತಾಸು ಕಳೆಯುವ ತನಕ ವಿಮಾನ ಹತ್ತಬಾರದು. ವಿಮಾನದ ಮಾತು ದಪ್ಪ ಅಕ್ಷರದಲ್ಲಿ. ಬೆಟ್ಟದ ದಾರಿಗೂ ಇದೇ ಎಚ್ಚರ ಅನ್ನುವುದು ಪುಟದ ಕೆಳಗೆ ಸಣ್ಣಕ್ಷರದಲ್ಲಿ.

"ಇದನ್ನ ಓದಿ ಪರೀಕ್ಷಾ ಪಾಸ್ ಮಾಡೀರಲ್ರೀ."

"ವಿಮಾನದ್ದು ಓದೇನಿ. ನಾ ವಿಮಾನದಾಗ ಬರ್ತೇನೇನು? ಅಲ್ಲಿ ಯಾರಿಗೂ ಹಿಂಗ ನೋಯೂದಿಲ್ಲ."

"ಅವರೆಲ್ಲಾ ಅದೇ ಊರವರು. ಸಂಜೀಕ ದಂಡೀಮ್ಯಾಲಿನ ಮನೀಗೆ ಹೋಗ್ತಾರ. ಘಾಟ ಹತ್ತಾವ್ರು ನೀವೊಬ್ರ. ರವಿವಾರ ಬರಬ್ಯಾಡ್ರಿ. ರಾತ್ರಿ ಅಲ್ಲೇ ಮಲಗಿ ಸೋಮಾರ ಬರ್ರಿ."

ಜೋತಿಬಾನ ಮುಖ ಕಪ್ಪಾಯಿತು. "ವಾರದಾಗ ಮಗಳ ಕೂಡ ಎರಡು ರಾತ್ರಿ ಸಿಗ್ತಾವು. ಅದ್ರಾಗೂ ಒಂದು ಕಸಗೋತಿ?"

"ಗಂಡಗ ಮನೀಗೆ ಬರಬ್ಯಾಡ ಅನ್ನೋ ಹೆಣ್ಣನ್ನ ಇದ ಮೊದಲ ನೋಡಾಕತ್ತೇನಿ," ಅಂದಳು ನಾಗೂಬಾಯಿ ಒಳಗಿನಿಂದ.

ಮೋನಾಲಿಗೆ ಪುಸ್ತಕವನ್ನು ಗೋಡೆಗೆ ಎಸೆಯಬೇಕೆನಿಸಿತು. ರವಿವಾರ ಐದರಿಂದಲೇ ಗಾಡಿಯ ಸದ್ದಿಗೆ ಕಿವಿಗೊಡುವವಳು ಅವಳು. ಅವನಿಗೆ ಬರಬೇಡ ಅನ್ನಲು ಅವಳ ನಾಲಿಗೆಗೇನು ಸುಖವೇ?

ಅವನು ಮುಂದಿನ ರವಿವಾರವೂ ಬಂದ. ನಗುತ್ತಲೇ ಬಂದ. ಆದರೆ ಬಚ್ಚಲಲ್ಲಿ ಕಾಲು ತೊಳೆಯುವಾಗ ನಗು ಇರಲಿಲ್ಲ.

"ಮೋನಾ, ನೀರು ಬಿಸಿ ಐತೇನು? ಎಡಗಾಲಿಗೆ ಗೊತ್ತ ಆಗವಲ್ದು. ಘಾಟದಾಗ ಆ ಕಾಲಿಗೆ ಗೇರನೂ ಬೀಳಲಿಲ್ಲ."

ಅವಳು ಕೈ ಒರೆಸಿಕೊಂಡು ಪುಸ್ತಕದ ಕೊನೆಯ ಪುಟದಲ್ಲಿದ್ದ, ಮುಳುಗುವವರ ತುರ್ತು ಸಹಾಯದ ನಂಬರಿಗೆ ಫೋನ್ ಹಚ್ಚಿದಳು. ಎತ್ತಿದ ಡಾಕ್ಟರು ಹಿಂದಿಯಲ್ಲಿ ಕೇಳಿದ ಮೊದಲ ಪ್ರಶ್ನೆ, ಇವತ್ತು ಎಷ್ಟು ಸಲ ಇಳಿದರು? ಎಂಟು. ಎರಡನೆಯದು, ಮೇಲೆ ಬಂದು ಎಷ್ಟು ತಾಸಿಗೆ ಘಾಟ ಏರಿದರು?

ಇಷ್ಟು ತಿಂಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಆ ಡಾಕ್ಟರು ಹೇಳಿದಂತೆ ಊರಿನ ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಲು ಕೇಳಿದಾಗ ಅಲ್ಲಿದ್ದವರು, ಇವನಿಗೆ ಉಬ್ಬಸವೇ ಇಲ್ಲ, ಆಕ್ಸಿಜನ್ ಯಾಕೆ ಅಂದರು. ಅವಳು ಫೋನನ್ನೇ ಅವರ ಕೈಗೆ ಕೊಟ್ಟಳು. ಅಂಬುಲೆನ್ಸಿನಲ್ಲಿ ಮುಖಕ್ಕೆ ಮಾಸ್ಕ್ ಹಾಕಿಸಿಕೊಂಡೇ ಗೋವಾಕ್ಕೆ ಇಳಿದರು. ಅಲ್ಲಿ ಅವನನ್ನು ಹವೆಯ ಒತ್ತಡ ಏರಿಸುವ ಕೋಣೆಯಲ್ಲಿ ಮಲಗಿಸಿದರು, ಒಂದಲ್ಲ, ನಾಲ್ಕು ದಿನ. ಕಾಲಿಗೆ ಬಿಸಿ ತಂಪು ತಿರುಗಿ ತಿಳಿಯಿತು, ಎರಡು ಬೆರಳು ಬಿಟ್ಟು. ಭುಜದ ನೋವು ಮೊದಲಿನಿಂದಲೂ ಇದೇ ರೋಗದ ಸೂಚನೆ, ತಡಮಾಡಿದಿರಿ ಅಂದರು ಅಲ್ಲಿಯ ಡಾಕ್ಟರು. ತಡಮಾಡಿದಿರಿ ಅಂತ ಮೋನಾಲಿಯ ಮುಖ ನೋಡಿಯೇ ಅಂದರು.

ಮೂರು ತಿಂಗಳು ಅವನು ನೀರಿಗಿಳಿಯಲಿಲ್ಲ. ಗ್ಯಾರೇಜಿನಲ್ಲಿ ಕೂತ, ಸಿಡಿಮಿಡಿ ಮಾಡಿದ. ಬೇರೆ ಕೆಲಸ ನೋಡ್ರಿ ಅಂದರೆ, ಕೆಲಸ ಬಿಟ್ಟು ಬಾಕಿ ಏನ ಬೇಕಾದ್ರೂ ಹೇಳು ಅಂದ. ಡಾಕ್ಟರು ತಪಾಸಣೆ ಮಾಡಿ ಒಪ್ಪಿದ ಮೇಲೆ ಮತ್ತೆ ಮಾಲವಣಕ್ಕೆ ಹೋದ. ಕರಾರು ಎರಡು: ದಿನಕ್ಕೆ ಮೂರೇ ಸಲ ಇಳಿಯುವುದು, ಇಳಿದ ದಿನ ಘಾಟ ಹತ್ತದಿರುವುದು.

ಮೊದಲ ರವಿವಾರ ಸಂಜೆ ಏಳಕ್ಕೆ ಫೋನ್ ಬಂತು. ರುತುಜಾ ಪರದೆಯ ಮೇಲೆ ಅಪ್ಪನನ್ನು ನೋಡಿ, ಫೋನಿನ ಹಿಂದೆ ತಿರುಗಿಸಿ ನೋಡಿ, ಅಳತೊಡಗಿದಳು.

"ಕೂಸು ಅಳಾಕತ್ತೈತಿ, ನಾ ಇಲ್ಲಿ ಗ್ವಾಡಿ ನೋಡ್ಕೋತ ಕುಂತೇನಿ," ಅಂದ ಜೋತಿಬಾ. "ನಿನಗ ಸಮಾಧಾನ ಆತಿಲ್ಲೋ?"

ಸಮಾಧಾನವೇನೂ ಇರಲಿಲ್ಲ. ಒಂದು ಕಂಕುಳಲ್ಲಿ ಅಳುವ ಕೂಸು, ಒಳಗೆ ಮಾತು ಬಿಟ್ಟ ಅತ್ತೆ, ಕೈಯಲ್ಲಿ ಮುಖ ಊದಿಸಿಕೊಂಡ ಗಂಡ.

"ಎಷ್ಟಕ್ಕ ಮ್ಯಾಲ ಬಂದ್ರಿ?"

"ನಾಕಕ್ಕ."

"ಹಂಗಾರ ಹದಿನೆಂಟು ತಾಸಿಗೆ, ನಾಳೆ ಹತ್ತಕ್ಕ ಬಿಡ್ರಿ."

"ಎಂಟಕ್ಕ ಬಿಡ್ತೇನಿ. ಘಾಟ ಮುಟ್ಟೂದ್ರಾಗ ಹತ್ತ ಆಕ್ಕೈತಿ."

"ಹತ್ತಕ್ಕ."

"ಒಂಬತ್ತೂವರಿ."

"ಹತ್ತು, ರೀ."

"ಆತು, ಹತ್ತು," ಅಂದು ಫೋನ್ ಇಟ್ಟುಬಿಟ್ಟ. ಅವಳು ಮಗಳ ಮೂಗು ಒರೆಸಿ, ಗಂಡನ ತಾಟು ಒಳಗಿಟ್ಟು, ಉಳಿದ ಮೂವರಿಗೆ ಊಟಕ್ಕೆ ಬಡಿಸಿದಳು.